ಬನ್ನಿಯ ಮರ ಮತ್ತು ವಿರಾಟನಗರ: ಪರಸ್ಥಳದ ಬಾಳಿಗೊಂದು ಪಾಠ

ನವರಾತ್ರಿಯ ಆರಾಧನೆ ಮುಗಿದು ವಿಜಯದಶಮಿಯ ಸಂಜೆ ಬಂದಿತೆಂದರೆ, ಉತ್ತರ ಕರ್ನಾಟಕದ ನಮ್ಮ ಊರುಗಳಲ್ಲಿ ಜನರು ಬನ್ನಿಯ ಮರಕ್ಕೆ ಪೂಜೆ ಸಲ್ಲಿಸಿ, ಅದರ ಎಲೆಗಳನ್ನು ತಂದು, ಹಿರಿಯರ ಪಾದಕ್ಕೆರಗಿ, ಓರಗೆಯವರನ್ನು ಅಪ್ಪಿಕೊಂಡು, 'ಬನ್ನಿ ತೊಗೊಂಡು ಬಂಗಾರದಂಗ ಇರೋಣ' ಎಂದು ಹರಸಿಕೊಳ್ಳುವುದು ರೂಢಿ. ಮಹಾರಾಷ್ಟ್ರದಲ್ಲಿ ಅದೇ ಸಂಜೆ ಆಪ್ಟೆಯ ಎಲೆಗಳನ್ನು 'ಸೋನೆ' ಎಂದು ಕರೆದು ಹಂಚಿ, ಬಂಗಾರದಂತೆ ಬಾಳೋಣವೆಂದು ಹಾರೈಸುತ್ತಾರೆ. ಮರ ಬೇರೆ, ಮಾತು ಬೇರೆ, ಹಾರೈಕೆ ಒಂದೇ. ಮುಂಬಯಿಯಂತಹ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಈ ಒಂದು ಎಲೆಯನ್ನು ಕೈಯಲ್ಲಿ ಹಿಡಿದು ಯೋಚಿಸಬೇಕಾದ ವಿಷಯ ಬಹಳವಿದೆ.

ಬನ್ನಿಯ ಮರ ನಮಗೆ ಪವಿತ್ರವಾದದ್ದೇಕೆ? ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ತಮ್ಮ ಆಯುಧಗಳನ್ನು ಇರಿಸಿದ್ದು ಶಮೀವೃಕ್ಷದಲ್ಲಿ. ಅರ್ಜುನನು ಅವುಗಳನ್ನು ಮರಳಿ ಪಡೆದ ದಿನವೇ ವಿಜಯದಶಮಿ ಎಂಬುದು ನಮ್ಮ ಜನರ ನಂಬಿಕೆ. ಹೀಗಿರಲು, ದಸರೆಯ ಈ ಕಥೆ ಮೂಲತಃ ಪರಸ್ಥಳಕ್ಕೆ ಹೊಟ್ಟೆಪಾಡಿಗಾಗಿ ಹೋದವರ ಕಥೆಯೂ ಹೌದು. ಐವರು ಪುರುಷರು, ಒಬ್ಬ ಸ್ತ್ರೀ. ಕೈಯಲ್ಲಿ ಕಾಸಿಲ್ಲ, ಹೆಸರು ಹೇಳಿಕೊಳ್ಳುವಂತಿಲ್ಲ, ಪರಿಚಯದವರಿಲ್ಲ. ಇಂತಹ ಆರು ಜನ ಒಂದು ವರ್ಷ ಒಂದು ನಗರದಲ್ಲಿ ಹೇಗೆ ಬಾಳಿದರು, ಆ ನಗರ ಅವರದಾದದ್ದು ಹೇಗೆ ಎಂಬುದನ್ನು ವಿರಾಟಪರ್ವ ಹೇಳುತ್ತದೆ. ಈ ಪರ್ವವನ್ನು ನಗರವಾಸಿಯ ದೃಷ್ಟಿಯಿಂದ ಪರಿಶೀಲಿಸುವುದೇ ಈ ಪುಟ್ಟ ಲೇಖನದ ಉದ್ದೇಶ.

ಈ ಪರ್ವದೊಡನೆ ನನಗೆ ಎಳವೆಯ ನಂಟಿದೆ. ನನ್ನ ಹುಟ್ಟೂರು ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಒಂದು ಹಳ್ಳಿ. ಮತ್ಸ್ಯದೇಶದ ವಿರಾಟನಗರವು ಇಂದಿನ ರಾಜಸ್ಥಾನದ ಬೈರಾಟವೆಂದು ವಿದ್ವಾಂಸರು ಗುರುತಿಸುತ್ತಾರೆ. ಆದರೆ ನಮ್ಮ ಹಾನಗಲ್ಲನ್ನು ಪ್ರಾಚೀನ ಶಾಸನಗಳು ವಿರಾಟನಕೋಟೆ, ವಿರಾಟನಗರ ಎಂದೂ ಕರೆದಿವೆ. ತಾರಕೇಶ್ವರನ ಗುಡಿಯ ಆ ಊರೇ ಕೀಚಕನು ಮಡಿದ ಊರೆಂದು ನಂಬಿ ಬೆಳೆದವರು ನಾವು. ಮಳೆ ಕೈಕೊಟ್ಟ ವರ್ಷ ಗುಡಿಯಲ್ಲಿ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸುತ್ತಿದ್ದರು. ಉತ್ತರಕುಮಾರನ ಪೌರುಷದ ಮಾತುಗಳಿಗೆ ಎಲ್ಲರೂ ನಗುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಅದರ ಒಳಗಿನ ಪಾಠ ಮಾತ್ರ ನನಗೆ ಹೊಳೆದದ್ದು ಮುಂಬಯಿಗೆ ಬಂದ ಎಷ್ಟೋ ವರ್ಷಗಳ ಮೇಲೆ.

ಊರನ್ನು ಹೊಗುವ ಮುನ್ನ

ಪಾಂಡವರು ನಗರವನ್ನು ಹೊಗುವ ಮುನ್ನ ಮೂರು ಕೆಲಸ ಮಾಡಿದರು. ಮೊದಲನೆಯದು, ಪುರೋಹಿತನಾದ ಧೌಮ್ಯನಿಂದ ಪರರ ಆಶ್ರಯದಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ಕೇಳಿ ತಿಳಿದುಕೊಂಡದ್ದು. ಅರಸುಮಕ್ಕಳಾದ ತಮಗೆ ಸೇವಕರ ನಡತೆ ತಿಳಿಯದೆಂಬುದನ್ನು ಅವರು ಒಪ್ಪಿಕೊಂಡರು. ಹೊಸ ಊರಿಗೆ ಹೋಗುವವನು ತನಗೆ ತಿಳಿಯದ್ದು ಉಂಟೆಂದು ಒಪ್ಪಿಕೊಳ್ಳುವುದೇ ಮೊದಲ ಮೆಟ್ಟಿಲು.

ಎರಡನೆಯದು, ಆಯುಧಗಳನ್ನು ಶಮೀವೃಕ್ಷದ ಮೇಲೆ ಕಟ್ಟಿದ್ದು. ಮರವನ್ನೇರಿ ಕಟ್ಟಿದವನು ನಕುಲ. ಜನರು ಹತ್ತಿರ ಸುಳಿಯಬಾರದೆಂದು ಒಂದು ಶವವನ್ನೂ ಅಲ್ಲಿ ತೂಗುಬಿಟ್ಟರು. ಆಯುಧವನ್ನು ಅವರು ಬಿಸುಡಲಿಲ್ಲ, ಮಾರಲಿಲ್ಲ, ಬೀದಿಯಲ್ಲಿ ಝಳಪಿಸುತ್ತಲೂ ಹೋಗಲಿಲ್ಲ. ಬೇಕಾದಾಗ ದೊರೆಯುವಂತೆ ಜೋಪಾನವಾಗಿರಿಸಿದರು.

ಮೂರನೆಯದು, ದೇವಿಯ ಸ್ಮರಣೆ. ಪ್ರಚಲಿತ ಪಾಠಗಳ ಪ್ರಕಾರ ಧರ್ಮರಾಯನು ನಗರವನ್ನು ಪ್ರವೇಶಿಸುವಾಗ ದುರ್ಗೆಯನ್ನು ಸ್ತುತಿಸಿ ಅವಳ ಅಭಯವನ್ನು ಪಡೆದನು. ಪುಣೆಯ ಭಾಂಡಾರಕರ ಸಂಶೋಧನ ಮಂದಿರದ ಪರಿಷ್ಕೃತ ಆವೃತ್ತಿಯಲ್ಲಿ ಈ ಸ್ತುತಿ ಮೂಲಪಾಠದಲ್ಲಿಲ್ಲ. ಸಂಪಾದಕರು ಅದನ್ನು ಅನುಬಂಧಕ್ಕೆ ಸೇರಿಸಿದ್ದಾರೆ. ಆದರೂ ಶತಮಾನಗಳಿಂದ ಭಕ್ತರು ಅದನ್ನು ಪಠಿಸುತ್ತ ಬಂದಿದ್ದಾರೆ. ಅಪರಿಚಿತ ನಗರದ ಬಾಗಿಲಲ್ಲಿ ನಿಂತವನ ಬಾಯಿಂದ ಹೊರಡುವ ಮೊದಲ ಮಾತು ತಾಯಿಯನ್ನು ಕರೆಯುವುದೇ ಆಗಿರುತ್ತದೆ ಎಂಬ ಅನುಭವವೇ ಅದನ್ನು ಅಲ್ಲಿ ಉಳಿಸಿರಬೇಕು. ಮುಂಬಯಿಯ ಕನ್ನಡಿಗರ ಎಷ್ಟೋ ಸಂಘಗಳು ಒಂದು ನವರಾತ್ರಿ ಪೂಜೆಯಿಂದಲೋ ಒಂದು ಭಜನೆಯಿಂದಲೋ ಮೊದಲಾದವು ಎಂಬುದನ್ನು ಹಿರಿಯರು ಬಲ್ಲರು.

ವೃತ್ತಿಯೇ ಪರಿಚಯ

ನಾನು ಬ್ಯಾಂಕಿನ ಗುಮಾಸ್ತ. ಹಿಂದೆ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಆಗಲೇ ಖಾತೆಯಿರುವ ಒಬ್ಬರು 'ನಾನು ಇವರನ್ನು ಬಲ್ಲೆ' ಎಂದು ಸಹಿ ಮಾಡಬೇಕಾಗಿತ್ತು. ಈಗ ಗುರುತಿನ ದಾಖಲೆಗಳೇ ಸಾಕಾಗುತ್ತವೆ. ಆದರೆ ನಾನು ನೌಕರಿಗೆ ಸೇರಿದ ಕಾಲದಲ್ಲಿ, ಊರಿನಿಂದ ಹೊಸದಾಗಿ ಬಂದ ಹೋಟೆಲಿನ ಹುಡುಗರು ಅರ್ಜಿಯನ್ನು ಹಿಡಿದು, ಸಹಿ ಮಾಡುವವರಿಲ್ಲದೆ ಕೌಂಟರಿನ ಮುಂದೆ ಸುಮ್ಮನೆ ನಿಂತಿರುವುದನ್ನು ಕಂಡಿದ್ದೇನೆ. ಲಕ್ಷೋಪಲಕ್ಷ ಜನರಿರುವ ನಗರದಲ್ಲಿ 'ನಾನು ಇವನನ್ನು ಬಲ್ಲೆ' ಎನ್ನುವ ಒಬ್ಬನೂ ಇಲ್ಲದಿರುವುದು ಎಂತಹ ಬಡತನವೆಂಬುದು ಆ ಮುಖಗಳನ್ನು ಕಂಡವರಿಗೆ ಮಾತ್ರ ಗೊತ್ತು.

ವಿರಾಟನ ಸಭೆಗೆ ಬಂದ ಆರು ಜನರಿಗೂ ಸಹಿ ಮಾಡುವವರಿರಲಿಲ್ಲ. ಅವರ ಪರಿಚಯಪತ್ರವೆಂದರೆ ಅವರ ಕೆಲಸ. ಧರ್ಮರಾಯನು ಕಂಕಭಟ್ಟನಾಗಿ ಪಗಡೆಯ ಜೊತೆಗಾರನಾದನು. ಭೀಮನು ವಲಲನಾಗಿ ಅಡುಗೆಯ ಮನೆ ಸೇರಿದನು. ಅರ್ಜುನನು ಬೃಹನ್ನಳೆಯಾಗಿ ರಾಜಕುಮಾರಿಗೆ ನಾಟ್ಯ ಕಲಿಸಿದನು. ನಕುಲನು ಕುದುರೆಗಳನ್ನೂ ಸಹದೇವನು ಗೋವುಗಳನ್ನೂ ನೋಡಿಕೊಂಡರು. ದ್ರೌಪದಿಯು ಸೈರಂಧ್ರಿಯಾಗಿ ರಾಣಿ ಸುದೇಷ್ಣೆಯ ಮುಡಿ ಕಟ್ಟಿ ಹೂಮಾಲೆ ಹೆಣೆದಳು. ಕೆಲಸ ಚಿಕ್ಕದೆಂದು ಇವರಲ್ಲಿ ಯಾರೂ ಅದನ್ನು ಅರೆಮನಸ್ಸಿನಿಂದ ಮಾಡಲಿಲ್ಲ. ಹಸಿದವನಿಗೆ ಅನ್ನ ಬಡಿಸಿದವನನ್ನು ನಗರ ಮೊದಲು ಅನ್ನದಿಂದ ಗುರುತಿಸುತ್ತದೆ, ಹೆಸರನ್ನು ಆಮೇಲೆ ಕೇಳುತ್ತದೆ. ಉಡುಪಿಯ ಕಡೆಯಿಂದ ಬಂದು ಮಾಟುಂಗದಲ್ಲಿ, ಕೋಟೆ ಪ್ರದೇಶದಲ್ಲಿ ಇಡ್ಲಿ ಬೇಯಿಸಿದ ನಮ್ಮವರನ್ನು ಮುಂಬಯಿ ಗುರುತಿಸಿದ್ದೂ ಹೀಗೆಯೇ.

ಐವರ ಕೊಡುಕೊಳ್ಳುವಿಕೆ ಮತ್ತು ಗುಟ್ಟಿನ ಹೆಸರುಗಳು

ವಿರಾಟಪರ್ವದಲ್ಲಿ ಅನೇಕರ ಗಮನಕ್ಕೆ ಬಾರದ ಎರಡು ಸಂಗತಿಗಳಿವೆ.

ಒಂದು, ಆ ವರ್ಷವೆಲ್ಲ ಪಾಂಡವರು ಒಬ್ಬರನ್ನೊಬ್ಬರು ಗುಟ್ಟಾಗಿ ಸಲಹಿದ ರೀತಿ. ಧರ್ಮರಾಯನು ಪಗಡೆಯಲ್ಲಿ ಗೆದ್ದ ಹಣವನ್ನು ತಮ್ಮಂದಿರಿಗೆ ಹಂಚುತ್ತಿದ್ದನು. ಭೀಮನು ಅಡುಗೆಮನೆಯ ಭಕ್ಷ್ಯಗಳನ್ನೂ, ಅರ್ಜುನನು ಅಂತಃಪುರದಲ್ಲಿ ದೊರೆತ ಹಳೆಯ ಬಟ್ಟೆಗಳನ್ನೂ ಉಳಿದವರಿಗೆ ತಲುಪಿಸುತ್ತಿದ್ದರು. ಸಹದೇವನು ಹಾಲು, ಮೊಸರು, ತುಪ್ಪ ಕೊಡುತ್ತಿದ್ದನು. ನಕುಲನು ಅರಸನ ಮೆಚ್ಚಿಕೆಯಿಂದ ಬಂದ ಧನವನ್ನು ತಂದು ಕೊಡುತ್ತಿದ್ದನು. ವ್ಯಾಸ ಭಾರತದಲ್ಲಿ ಇದು ಸ್ಪಷ್ಟವಾಗಿಯೇ ಉಂಟು.

ನಮ್ಮ ಹಿರಿಯರು ಮುಂಬಯಿಯಲ್ಲಿ ಮಾಡಿದ್ದೂ ಇದನ್ನೇ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹೀಗೆ ಒಂದೊಂದಾಗಿ ಸಂಸ್ಥೆಗಳು ಹುಟ್ಟಿದವು. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಓದಿ, ಗುಮಾಸ್ತರಾದರು, ವಕೀಲರಾದರು, ಅಧ್ಯಾಪಕರಾದರು. ಮೊದಲು ಬಂದವನು ಆಮೇಲೆ ಬಂದವನಿಗೆ ತನ್ನ ಖೋಲಿಯಲ್ಲಿ ಚಾಪೆ ಹಾಸಲು ಜಾಗ ಕೊಟ್ಟನು. ಸಂಘವೆಂಬುದರ ನಿಜವಾದ ಅರ್ಥ ಆ ಚಾಪೆಯಷ್ಟು ಜಾಗ.

ಇನ್ನೊಂದು ಸಂಗತಿ ಗುಟ್ಟಿನ ಹೆಸರುಗಳದು. ಸಭೆಗೆ ಕಂಕ, ವಲಲ ಮೊದಲಾದ ಹೆಸರುಗಳಿದ್ದರೆ, ತಮ್ಮ ತಮ್ಮಲ್ಲಿ ಕರೆದುಕೊಳ್ಳಲು ಧರ್ಮರಾಯನು ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಬೇರೆ ಐದು ಹೆಸರುಗಳನ್ನಿಟ್ಟಿದ್ದನು. ಕೀಚಕನು ಸತ್ತ ಮೇಲೆ ಉಪಕೀಚಕರು ದ್ರೌಪದಿಯನ್ನು ಅವನ ಶವದೊಡನೆ ಸುಡಲೆಂದು ಸ್ಮಶಾನಕ್ಕೆ ಎಳೆದೊಯ್ಯುತ್ತಿದ್ದಾಗ ಅವಳು ಕೂಗಿ ಕರೆದದ್ದು ಈ ಹೆಸರುಗಳನ್ನೇ. ನಗರದವರಿಗೆ ಅದರ ಅರ್ಥವಾಗಲಿಲ್ಲ, ಭೀಮನಿಗೆ ಆಯಿತು. ಅವನು ಓಡಿ ಬಂದು ಅವಳನ್ನು ಉಳಿಸಿದನು.

ಬಂಧುಗಳೇ, ಮಾತೃಭಾಷೆ ಎಂದರೆ ಇದೇ ಅಲ್ಲವೆ? ಕಚೇರಿಯ ಭಾಷೆ ಇರಲಿ, ಪೇಟೆಯ ಭಾಷೆ ಇರಲಿ; ಪ್ರಾಣಸಂಕಟದಲ್ಲಿ ಬಾಯಿಗೆ ಬರುವ ಕರೆ ಬೇರೆ. ಅದು ತಿಳಿಯುವ ಒಂದು ಕಿವಿ ಈ ನಗರದಲ್ಲಿ ಎಲ್ಲಿಯಾದರೂ ಇರಬೇಕು. ಅದಕ್ಕಾಗಿಯೇ ಸಂಘ ಬೇಕು, ಭಾನುವಾರದ ಕನ್ನಡ ವರ್ಗ ಬೇಕು.

ಒಂದು ಸ್ವಾನುಭವ

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ನನಗೆ ಸುಲಭವಾಗುತ್ತಿತ್ತು. ಆದರೆ ಪಾಠದ ಉಳಿದರ್ಧವನ್ನು ನನಗೆ ಕಲಿಸಿದ ಘಟನೆಯನ್ನು ಹೇಳದೆ ಮುಂದುವರಿಯಲಾರೆ.

ನಾನು ಮುಂಬಯಿಗೆ ಬಂದದ್ದು 2004ರಲ್ಲಿ. ಡೊಂಬಿವಲಿಯ ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಮನೆ ಮಾಡಿದೆ. ಬೆಳಗಿನ ಲೋಕಲ್ ಗಾಡಿಗೆ ಹೊರಟರೆ ರಾತ್ರಿಯೇ ಮರಳುವುದು. ಬಿಡುವಿನ ದಿನವೆಲ್ಲ ಸಂಘದ ಕೆಲಸ. ರಾಜ್ಯೋತ್ಸವ, ದಾಸರ ಪುಣ್ಯತಿಥಿ, ಭಜನೆ, ನಾಟಕ ಇವುಗಳಲ್ಲಿ ನಾನಿಲ್ಲದ ಸಮಿತಿಯಿರಲಿಲ್ಲ. ನಮ್ಮ ಕಟ್ಟಡದಲ್ಲಿ ಮಾತ್ರ ಬಾಗಿಲ ಮೇಲಿನ ಅಡ್ಡಹೆಸರುಗಳ ಹೊರತು ನನಗೆ ಯಾರೂ ಗೊತ್ತಿರಲಿಲ್ಲ. ಇದರಲ್ಲಿ ತಪ್ಪೇನಾದರೂ ಇದೆಯೆಂದು ನನಗೆ ಅನ್ನಿಸಿರಲೂ ಇಲ್ಲ.

ತಂದೆಯವರು ತೀರಿಕೊಂಡ ಮೇಲೆ 2009ರಲ್ಲಿ ನಮ್ಮ ತಾಯಿಯವರನ್ನು ಊರಿನಿಂದ ಕರೆತಂದೆ. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಮೊದಲ ಕೆಲವು ದಿನ ಕಿಟಕಿಯ ಹತ್ತಿರ ಕುಳಿತು, 'ಇಲ್ಲಿ ನಮ್ಮವರಂತ ಯಾರದಾರೋ ತಮ್ಮಾ?' ಎನ್ನುತ್ತಿದ್ದರು. ಆಮೇಲೆ ಆ ಮಾತು ನಿಂತಿತು. ಏಕೆ ನಿಂತಿತೆಂದು ನಾನು ಕೇಳಲಿಲ್ಲ. ಕೇಳಲು ನನಗೆ ವೇಳೆಯಿರಲಿಲ್ಲ. ಒಮ್ಮೆ ಮಾತ್ರ, ಎದುರುಮನೆಯ ಮರಾಠಿ ಮುದುಕಿಯ ಮೊಮ್ಮಗನ ಹೆಸರನ್ನು ಅವರು ಹೇಳಿದಾಗ, 'ನಿಮಗೆ ಮರಾಠಿ ಬರೋದಿಲ್ಲ, ಹೆಸರು ಹೆಂಗ ಗೊತ್ತಾತು?' ಎಂದು ಆಶ್ಚರ್ಯಪಟ್ಟೆ. 'ಹೆಸರು ಕೇಳಾಕ ಭಾಷಾ ಯಾಕ ಬೇಕೋ?' ಎಂದರು.

2016ರ ಮಳೆಗಾಲ. ಒಂದು ರಾತ್ರಿ ಒಂದೂವರೆ ಗಂಟೆಯ ಹೊತ್ತಿಗೆ ತಾಯಿಯವರು ತೀರಿಕೊಂಡರು. ಹೊರಗೆ ಜಡಿಮಳೆ. ಕೊನೆಯ ಲೋಕಲ್ ಹೋಗಿಯಾಗಿತ್ತು. ನನ್ನ ಆಪ್ತರೆಲ್ಲರೂ ಸಂಘದವರು. ಒಬ್ಬರು ಅಂಧೇರಿಯಲ್ಲಿ, ಒಬ್ಬರು ಘಾಟಕೋಪರದಲ್ಲಿ, ಒಬ್ಬರು ವಾಶಿಯಲ್ಲಿ. ದೂರವಾಣಿ ಮಾಡಿದೆ, ಮೊದಲ ಗಾಡಿಗೆ ಹೊರಡುವೆವೆಂದರು. ನಾನೂ ನನ್ನ ಹೆಂಡತಿಯೂ ದೇಹದ ಪಕ್ಕದಲ್ಲಿ ಕುಳಿತೆವು. ಚಟ್ಟಕ್ಕೆ ಹೆಗಲು ಕೊಡಲು ನಾಲ್ಕು ಜನ ಬೇಕು. ಬೆಳಗಿನವರೆಗೆ ನಾನು ಒಬ್ಬನೇ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಆಗ ಬಾಗಿಲು ಬಡಿದ ಸದ್ದಾಯಿತು. ನನ್ನ ಹೆಂಡತಿಯ ಅಳು ಕೇಳಿ ಎದುರುಮನೆಯ ಮುದುಕಿ ಬಂದಿದ್ದರು. ಹಿಂದೆಯೇ ಅವರ ಮಗ. ಮೂರನೆಯ ಮಹಡಿಯ ಗುಜರಾತಿ ಗೃಹಸ್ಥರು, ಮೇಲಿನ ಮನೆಯ ತಮಿಳು ದಂಪತಿಗಳು, ನೆಲಮಹಡಿಯ ಮುಸಲ್ಮಾನ ತರುಣ ಒಬ್ಬೊಬ್ಬರಾಗಿ ಬಂದರು. ಒಬ್ಬರು ವೈದ್ಯರನ್ನು ಎಬ್ಬಿಸಿ ಕರೆತಂದರು, ಒಬ್ಬರು ಮಂಜುಗಡ್ಡೆ ತಂದರು, ಒಬ್ಬರು ಸ್ಮಶಾನದ ವ್ಯವಸ್ಥೆಗೆ ಓಡಿದರು. ಎಲ್ಲರೂ ನನ್ನ ತಾಯಿಯನ್ನು 'ಆಜಿ' ಎನ್ನುತ್ತಿದ್ದರು. ಮರಾಠಿಯ ಆಜಿಯೂ ಕನ್ನಡದ ಅಜ್ಜಿಯೂ ಎಷ್ಟು ಹತ್ತಿರವೆಂಬುದು ಆ ರಾತ್ರಿಯವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ಒಂದೊಂದಾಗಿ ಸಂಗತಿಗಳು ತಿಳಿದುಬಂದವು. ದುಡಿಯಲು ಹೋಗುವ ತಾಯಿಯರ ಮಕ್ಕಳು ಶಾಲೆಯಿಂದ ಬಂದರೆ ನನ್ನ ತಾಯಿಯ ಹತ್ತಿರ ಇರುತ್ತಿದ್ದರು. ಶುಕ್ರವಾರ ಅವರು ಕಟ್ಟಿದ ಹೂವಿನ ಮಾಲೆ ನಾಲ್ಕು ಮನೆಗಳ ದೇವರಿಗೆ ಹೋಗುತ್ತಿತ್ತು. ಪ್ರತಿ ದಸರೆಗೂ ಅವರು ಊರಿನಿಂದ ತರಿಸಿದ ಬನ್ನಿಯೆಲೆಯನ್ನು ಮನೆಮನೆಗೆ ಕೊಟ್ಟು ಕನ್ನಡದಲ್ಲಿಯೇ ಹರಸುತ್ತಿದ್ದರಂತೆ. ಎದುರುಮನೆಯವರು ಆಪ್ಟೆಯ ಎಲೆ ಕೊಟ್ಟು ಮರಾಠಿಯಲ್ಲಿ ಹರಸುತ್ತಿದ್ದರಂತೆ. ಬಿ.ಎ. ಓದಿದ, ಕೌಂಟರಿನಲ್ಲಿ ದಿನವೂ ಮರಾಠಿ ಆಡುವ ನಾನು ಹನ್ನೆರಡು ವರ್ಷ ಆ ಕಟ್ಟಡದಲ್ಲಿ ಅಜ್ಞಾತವಾಸದಲ್ಲಿದ್ದೆ. ಒಂದಕ್ಷರ ಮರಾಠಿ ಬಾರದ ನನ್ನ ತಾಯಿ ಏಳೇ ವರ್ಷಗಳಲ್ಲಿ ಅದನ್ನು ತಮ್ಮ ಊರು ಮಾಡಿಕೊಂಡಿದ್ದರು.

ಬೆಳಿಗ್ಗೆ ಸಂಘದ ಮಿತ್ರರು ನೆನೆದು ಬಂದರು. ಅವರಲ್ಲೊಬ್ಬರು ತಾಯಿಯವರು ಹಾಡುತ್ತಿದ್ದ ದಾಸರ ಪದವನ್ನು ಮೆಲುದನಿಯಲ್ಲಿ ಹೇಳಿದಾಗಲೇ ನನಗೆ ಅಳು ಬಂದದ್ದು, ಅಲ್ಲಿಯವರೆಗೆ ಬಂದಿರಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಇಬ್ಬರು ಕನ್ನಡದವರು, ಇಬ್ಬರು ಕಟ್ಟಡದವರು. ಆ ಇಬ್ಬರಲ್ಲಿ ಒಬ್ಬರ ಪೂರ್ಣ ಹೆಸರನ್ನು ನಾನು ಕೇಳಿ ತಿಳಿದದ್ದು ಹದಿಮೂರನೆಯ ದಿನ. ಆ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಗೋಗ್ರಹಣ: ನಗರ ನಮ್ಮದಾಗುವ ಗಳಿಗೆ

ಈಗ ವಿರಾಟಪರ್ವಕ್ಕೆ ಮರಳೋಣ. ಪಾಂಡವರು ಕೇವಲ ಒಬ್ಬರನ್ನೊಬ್ಬರು ಸಲಹಿಕೊಂಡು ವರ್ಷ ಕಳೆದು ಹೊರಟುಹೋಗಿದ್ದರೆ ವಿರಾಟನಗರ ಅವರಿಗೆ ಧರ್ಮಶಾಲೆಯಾಗಿ ಉಳಿಯುತ್ತಿತ್ತು. ಆದರೆ ಸುಶರ್ಮನು ಗೋವುಗಳನ್ನು ಹಿಡಿದು ವಿರಾಟನನ್ನೇ ಸೆರೆಯೊಯ್ದಾಗ, ಅರ್ಜುನನನ್ನುಳಿದ ನಾಲ್ವರು ಕಾದಾಡಿ ಅರಸನನ್ನು ಬಿಡಿಸಿ ತಂದರು. ಇನ್ನೊಂದು ದಿಕ್ಕಿನಿಂದ ಕೌರವಸೇನೆ ಬಂದಾಗ ನಗರದಲ್ಲಿ ಉಳಿದವನು ಉತ್ತರಕುಮಾರನೊಬ್ಬನೇ. ಆಗ ಬೃಹನ್ನಳೆಯು ಅವನನ್ನು ಬನ್ನಿಯ ಮರಕ್ಕೆ ಹತ್ತಿಸಿ ಗಾಂಡೀವವನ್ನು ಇಳಿಸಿಕೊಂಡು, ಪರರ ಗೋವುಗಳಿಗಾಗಿ ಯುದ್ಧಕ್ಕೆ ನಿಂತನು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಕಳೆದ ಮೇಲೆ ಗಾಂಡೀವ ಮೊದಲು ಮಿಡಿದದ್ದು ಅರ್ಜುನನ ಸ್ವಂತ ರಾಜ್ಯಕ್ಕಾಗಿ ಅಲ್ಲ. ಆಶ್ರಯ ಕೊಟ್ಟ ಊರಿನ ದನಕರುಗಳಿಗಾಗಿ. ನಾವು ಬನ್ನಿಯ ಮರದಲ್ಲಿ ಕಾಪಾಡಿಟ್ಟ ಭಾಷೆ, ಸಂಸ್ಕಾರ, ದಾಸರ ಮತ್ತು ಶರಣರ ಬೋಧೆ ಇವೆಲ್ಲ ನಮ್ಮ ಆಯುಧಗಳು. ಅವು ಸಂಘದ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಪೂಜೆಗೊಳ್ಳುವುದು ಸರಿಯೇ. ಆದರೆ ನೆರೆಮನೆಯವನ ಕಷ್ಟಕ್ಕೆ ಅವು ಕೆಳಗಿಳಿಯದಿದ್ದರೆ ಆ ಪೂಜೆ ಅರ್ಧದ್ದು. ಮರವೆಲ್ಲಿದೆ ಎಂಬುದನ್ನು ಮಕ್ಕಳಿಗೆ ತೋರಿಸದಿದ್ದರೆ ಅದೂ ಅಷ್ಟೇ ದೊಡ್ಡ ನಷ್ಟ. ಇಳಿಸಲು ಆಯುಧವೇ ಇಲ್ಲದವನು ಯಾರನ್ನು ಕಾಯಬಲ್ಲನು?

ಕಥೆಯ ಕೊನೆಯನ್ನೂ ನೋಡಿರಿ. ಗುರುತು ತಿಳಿದ ಮೇಲೆ ವಿರಾಟನು ಮಗಳು ಉತ್ತರೆಯನ್ನು ಅರ್ಜುನನಿಗೆ ಕೊಡಲು ಮುಂದಾದನು. ಗುರುವಾಗಿ, ತಂದೆಯ ಸ್ಥಾನದಲ್ಲಿದ್ದ ಅರ್ಜುನನು ಅವಳನ್ನು ಸೊಸೆಯಾಗಿ ಸ್ವೀಕರಿಸಿ ಅಭಿಮನ್ಯುವಿಗೆ ಮದುವೆ ಮಾಡಿದನು. ಕುರುಕ್ಷೇತ್ರದಲ್ಲಿ ಮಕ್ಕಳನ್ನು ಕಳೆದುಕೊಂಡ ಪಾಂಡವರ ವಂಶ ಉಳಿದದ್ದು ಉತ್ತರೆಯ ಮಗನಾದ ಪರೀಕ್ಷಿತನಿಂದ. ಒಂದು ವರ್ಷದ ಮಟ್ಟಿಗೆಂದು ಹೊಕ್ಕ ಪರ ಊರೇ ಹಸ್ತಿನಾವತಿಗೆ ಮುಂದಿನ ಅರಸನನ್ನು ಕೊಟ್ಟಿತು.

ನಾವೂ ಹಲವರು ನಾಲ್ಕು ವರ್ಷವಿದ್ದು ಊರಿಗೆ ಹಿಂದಿರುಗುವೆವೆಂದೇ ಬಂದವರು. ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದರು. ನಮ್ಮ ಅಜ್ಜಂದಿರ ಕಾಲಕ್ಕೆ ಮುಂಬಯಿ ಪರರಾಜ್ಯವೂ ಆಗಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ನಮ್ಮ ಧಾರವಾಡ ಸೀಮೆಗೆ ಇದೇ ರಾಜಧಾನಿ. ಗಡಿಗಳು ಬದಲಾಗುತ್ತವೆ; ನೆರೆಹೊರೆ ಉಳಿಯುತ್ತದೆ.

ತಾಯಿಯವರು ಹೋದ ವರ್ಷದಿಂದ ವಿಜಯದಶಮಿಯ ಸಂಜೆ ನಾನು ಮೊದಲು ನಮ್ಮ ಕಟ್ಟಡದ ಬಾಗಿಲುಗಳಿಗೆ ಹೋಗಿ, ಆಮೇಲೆ ಸಂಘಕ್ಕೆ ಬರುತ್ತೇನೆ. ಕೈಯಲ್ಲಿ ಬನ್ನಿಯ ಎಲೆ, ಆಪ್ಟೆಯ ಎಲೆ ಎರಡೂ ಇರುತ್ತವೆ. ಸಭೆಗೆ ತಡವಾಗಿ ಬರುತ್ತೇನೆಂದು ಮಿತ್ರರು ಆಕ್ಷೇಪಿಸುವುದುಂಟು. ಅವರಿಗೆ ನಾನು ಕೊಡಬೇಕಾದ ಉತ್ತರವೇ ಈ ಲೇಖನ.

ಮನನಕ್ಕೆ

ಈ ದಸರೆಯಂದು ಪ್ರತಿಯೊಬ್ಬರೂ ತಮ್ಮನ್ನು ತಾವು ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲೆಂದು ವಿನಂತಿ.

1. ನಡುರಾತ್ರಿಯಲ್ಲಿ ನನ್ನ ಬಾಗಿಲನ್ನು ಯಾರು ಬಡಿಯಬಲ್ಲರು? ನಾನು ಯಾರ ಬಾಗಿಲನ್ನು ಬಡಿಯಬಲ್ಲೆ?

2. ಊರಿನಿಂದ ಹೊಸದಾಗಿ ಬಂದ ಒಬ್ಬ ಹುಡುಗನಿಗೆ 'ನಾನು ಇವನನ್ನು ಬಲ್ಲೆ' ಎಂದು ಈ ವರ್ಷ ನಾನು ಹೇಳಿದ್ದೇನೆಯೆ?

3. ಬನ್ನಿಯ ಮರದಲ್ಲಿ ಏನನ್ನು ಇಟ್ಟಿದ್ದೇವೆಂಬುದು ನನ್ನ ಮಕ್ಕಳಿಗೆ ಗೊತ್ತಿದೆಯೆ?

ಅಪರಿಚಿತ ನಗರದ ಬಾಗಿಲಲ್ಲಿ ನಿಂತ ಧರ್ಮರಾಯನಿಗೆ ಅಭಯವಿತ್ತ ಜಗನ್ಮಾತೆಯು ನಮ್ಮೆಲ್ಲರಿಗೂ ನೆರೆಯವರ ಹೆಸರನ್ನು ಕೇಳುವಷ್ಟು ಬಿಡುವನ್ನೂ, ಕರೆದರೆ ಓಗೊಡುವಷ್ಟು ಮನಸ್ಸನ್ನೂ ಕರುಣಿಸಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.